ಗಿನಿ ಪಿಗ್‌ಗೆ ದಿನಾ ಏನು ಸೊಪ್ಪು, ಏನು ತರಕಾರಿ? ದಾವಣಗೆರೆ ಮಾರ್ಕೆಟ್‌ನಲ್ಲಿ ಸಿಗುವುದರಲ್ಲೇ ಹೇಳುತ್ತೇನೆ

ದೊಣ್ಣೆ ಮೆಣಸಿನಕಾಯಿ ಕಾಲು ಭಾಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅವತ್ತು ಮನೆಗೆ ತಂದಿರುವ ಇನ್ನೊಂದು ಸೊಪ್ಪಿನ ನಾಲ್ಕು ಕಡ್ಡಿ, ಎರಡು ಬಿಲ್ಲೆ ಸೌತೆಕಾಯಿ. ಬೆಳೆದ ಒಂದು ಗಿನಿ ಪಿಗ್‌ಗೆ ಒಂದು ದಿನದ ತರಕಾರಿ ಅಂದರೆ ಇಷ್ಟೇ, ಎಲ್ಲಾ ಸೇರಿ ಒಂದು ಲೋಟದಷ್ಟು. ಜೊತೆಗೆ ಹಗಲೂ ರಾತ್ರಿ ಮುಗಿಯದಷ್ಟು ಹುಲ್ಲು. ಅವಸರದಲ್ಲಿರುವವರು ಇಷ್ಟನ್ನೇ ನೆನಪಿಟ್ಟುಕೊಂಡರೂ ಸಾಕು. ಆದರೆ ಯಾಕೆ ಇದೇ, ಯಾಕೆ ಇಷ್ಟೇ, ಯಾವುದನ್ನು ಮುಟ್ಟಲೇಬಾರದು ಅಂತ ಗೊತ್ತಿಲ್ಲದೆ ನಾನು ಒಂದು ಪ್ರಾಣಿಯನ್ನು ನರಳಿಸಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಗಿನಿ ಪಿಗ್ ಸಾಕುವವರು ಮೊದಲು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ ಪಟ್ಟಿ ತುಂಬಾ ರೋಮೇನ್ ಲೆಟ್ಯೂಸ್, ಕೇಲ್, ಪಾರ್ಸ್ಲಿ, ಟಿಮೋತಿ ಹುಲ್ಲು. ಆ ಪಟ್ಟಿ ಹಿಡಿದುಕೊಂಡು ಕೆ.ಆರ್. ಮಾರ್ಕೆಟ್ ಸುತ್ತಿದರೆ ಏನು ಸಿಗುತ್ತೆ? ಒಂದೂ ಸಿಗದೆ, ಕೊನೆಗೆ ಕ್ಯಾರೆಟ್ಟು ಸೌತೆಕಾಯಿ ಹಾಕಿ ಸುಮ್ಮನಾಗಿಬಿಡುತ್ತೇವೆ. ತಪ್ಪಾಗುವುದು ಅಲ್ಲೇ. ನಮ್ಮ ಬಯಲುಸೀಮೆಯ ಸೊಪ್ಪಿನ ಸಾಲಿನಲ್ಲಿ ಈ ಪ್ರಾಣಿಗೆ ಬೇಕಾದ್ದೆಲ್ಲಾ ಇದೆ, ಅದೂ ಆ ವಿದೇಶದ ಪಟ್ಟಿಗಿಂತ ಅಗ್ಗಕ್ಕೆ, ತಾಜಾ ಆಗಿ. ಯಾವುದನ್ನು ದಿನಾ ಕೊಡಬೇಕು, ಯಾವುದನ್ನು ವಾರಕ್ಕೊಮ್ಮೆ ಕೊಡಬೇಕು ಅನ್ನುವುದು ಗೊತ್ತಿರಬೇಕು ಅಷ್ಟೇ.

ಗುಂಡನ ಕಥೆ

ನಮ್ಮ ಮೊದಲ ಗಿನಿ ಪಿಗ್ ಹೆಸರು ಗುಂಡ. ಎರಡು ತಿಂಗಳ ಮರಿ ಇದ್ದಾಗ ತಂದೆವು. ಅಂಗಡಿಯವರು ಒಂದು ಕವರ್ ಪೆಲೆಟ್ (ಒಣ ಆಹಾರದ ಸಣ್ಣ ಗುಳಿಗೆ) ಕೊಟ್ಟು, "ಇದನ್ನ ಹಾಕಿ, ಮೇಲೊಂದು ಕ್ಯಾರೆಟ್ ಹಾಕಿ, ಇನ್ನೇನೂ ಬೇಡ" ಅಂದರು. ಅದು ಮೊಲದ ಪೆಲೆಟ್ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. ಗುಂಡ ಚೆನ್ನಾಗಿಯೇ ತಿನ್ನುತ್ತಿದ್ದ. ಪ್ಲಾಸ್ಟಿಕ್ ಕವರ್ ಸರಬರ ಅಂದರೆ ಸಾಕು, ಗೂಡಿನ ಕಂಬಿ ಹಿಡಿದು ನಿಂತು ವೀಕ್ ವೀಕ್ ಅಂತ ಮನೆಯೆಲ್ಲಾ ಕೇಳುವಂತೆ ಕೂಗುತ್ತಿದ್ದ.

ಒಂದು ದಿನ ಬೆಳಗ್ಗೆ ಕವರ್ ಸದ್ದಾದರೂ ಕೂಗಲಿಲ್ಲ. ಮೂಲೆಯಲ್ಲಿ ಮುದುಡಿ ಕೂತಿದ್ದ, ಮುಖ ಮಾತ್ರ ಎತ್ತಿದ. ಕೂದಲು ಎಣ್ಣೆ ಕಾಣದ ತಲೆಯ ಹಾಗೆ ಒರಟಾಗಿ ಎದ್ದು ನಿಂತಿತ್ತು. ಎತ್ತಿಕೊಳ್ಳೋಣ ಅಂತ ಹಿಂಗಾಲಿನ ಕೆಳಗೆ ಕೈ ಹಾಕಿದೆ, ಚೀರಿಬಿಟ್ಟ. ಅಂಥ ಚೀರಾಟ ನಾನು ಅದುವರೆಗೆ ಕೇಳಿರಲಿಲ್ಲ. ಮಂಡಿ ಹತ್ತಿರ ಬೆರಳಿಟ್ಟರೆ ಊದಿಕೊಂಡಿರುವುದು ಗೊತ್ತಾಗುತ್ತಿತ್ತು. ಬಿದ್ದು ಪೆಟ್ಟಾಗಿದೆ ಅಂತಲೇ ನಾವು ಅಂದುಕೊಂಡಿದ್ದು. ಡಾಕ್ಟರ್ ಕಾಲು ಮುಟ್ಟಿ ನೋಡಿ, ಬಾಯಿ ತೆರೆದು ವಸಡು ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದಕ್ಕೆ ತಿನ್ನೋಕೆ ಏನು ಹಾಕ್ತೀರಮ್ಮಾ?" ನಾನು ಹೇಳಿದೆ. "ವಿಟಮಿನ್ ಸಿ ಇಲ್ಲದೆ ಹೀಗಾಗಿದೆ" ಅಂದರು. ಸ್ಕರ್ವಿ. ಹಳೇ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುತ್ತಿದ್ದ ನಾವಿಕರಿಗೆ ಬರುತ್ತಿತ್ತು ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದೇ ರೋಗ.

ಬಾಯಿಗೆ ಹನಿ ಔಷಧಿ, ದಿನಾ ದೊಣ್ಣೆ ಮೆಣಸಿನಕಾಯಿ, ಹಸಿ ಸೊಪ್ಪು. ಹತ್ತು ದಿನದಲ್ಲಿ ಗುಂಡ ಎದ್ದು ಓಡಾಡಿದ. ಅವನು ಉಳಿದ. ಆದರೆ ಆ ಹತ್ತು ದಿನ ಅವನನ್ನು ಅಂಗೈಯಲ್ಲಿ ಇಟ್ಟುಕೊಂಡು ಸೊಪ್ಪನ್ನು ಒಂದೊಂದೇ ಎಲೆ ಬಾಯಿಗಿಟ್ಟಿದ್ದು ನನಗೆ ಮರೆಯುವುದಿಲ್ಲ.

ವಿಟಮಿನ್ ಸಿ ಲೆಕ್ಕ

ನಾಯಿ, ಬೆಕ್ಕು, ದನ, ಮೊಲ ಇವೆಲ್ಲಾ ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರು ಮಾಡಿಕೊಳ್ಳುತ್ತವೆ. ಗಿನಿ ಪಿಗ್‌ಗೆ ಆ ಶಕ್ತಿ ಇಲ್ಲ, ಮನುಷ್ಯರಿಗೂ ಇಲ್ಲ. ಹಾಗಾಗಿ ದಿನಾ ಊಟದಲ್ಲೇ ಸಿಗಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ ಬೇಕು. ಬಸಿರಿದ್ದರೆ, ಕಾಯಿಲೆ ಇದ್ದರೆ 30ರವರೆಗೂ ಬೇಕಾಗುತ್ತದೆ. ಮೈಯಲ್ಲಿ ಕೂಡಿಟ್ಟುಕೊಳ್ಳುವುದೂ ಕಷ್ಟ, ಆದ್ದರಿಂದ ಭಾನುವಾರ ಒಂದೇ ಸಲ ಜಾಸ್ತಿ ಕೊಟ್ಟು ವಾರವಿಡೀ ನಡೆಸುವ ಹಾಗಿಲ್ಲ.

ಈಗ ತರಕಾರಿ ನೋಡಿ. 100 ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕೆಂಪಗೆ ಹಣ್ಣಾದದ್ದರಲ್ಲಿ ಇನ್ನೂ ಜಾಸ್ತಿ. ಕೊತ್ತಂಬರಿಯಲ್ಲಿ 27ರ ಹತ್ತಿರ. ಕ್ಯಾರೆಟ್‌ನಲ್ಲಿ 6, ಸೌತೆಕಾಯಿಯಲ್ಲಿ 3 ಅಷ್ಟೇ. ಅಂದರೆ ನಾನು ಗುಂಡನಿಗೆ ಪ್ರೀತಿಯಿಂದ ಹಾಕುತ್ತಿದ್ದ ಕ್ಯಾರೆಟ್ಟಿನಿಂದ ಹೊಟ್ಟೆ ತುಂಬುತ್ತಿತ್ತು, ಬೇಕಾದ್ದು ಸಿಗುತ್ತಿರಲಿಲ್ಲ. 900 ಗ್ರಾಂ ತೂಗುವ ಪ್ರಾಣಿಗೆ 25 ಗ್ರಾಂ ದೊಣ್ಣೆ ಮೆಣಸಿನಕಾಯಿ ಹಾಕಿದರೆ 20 ಮಿಲಿಗ್ರಾಂ ಬಂತು, ಅವತ್ತಿನ ಲೆಕ್ಕ ಮುಗಿಯಿತು. ಮಧ್ಯಮ ಗಾತ್ರದ ಕಾಯಿಯ ಕಾಲು ಭಾಗ ಅಂತ ಮೊದಲು ಹೇಳಿದ್ದು ಇದಕ್ಕೇ. ತೊಟ್ಟು, ಬೀಜ ತೆಗೆದು ಕೊಡಿ. ಮುಂಚೆಯೇ ಹೆಚ್ಚಿ ಇಡಬೇಡಿ, ಹೆಚ್ಚಿಟ್ಟರೆ ವಿಟಮಿನ್ ಸಿ ಕಡಿಮೆ ಆಗುತ್ತಾ ಹೋಗುತ್ತದೆ. ಬೇಯಿಸಿದ್ದಂತೂ ಬೇಡವೇ ಬೇಡ.

ಕೆಲವರು ವಿಟಮಿನ್ ಹನಿಯನ್ನು ಕುಡಿಯುವ ನೀರಿನ ಬಾಟಲಿಗೆ ಹಾಕುತ್ತಾರೆ. ಅದು ನೀರಿನಲ್ಲಿ ಬೇಗ ಕೆಡುತ್ತದೆ, ನೀರಿನ ರುಚಿಯೂ ಬದಲಾಗುತ್ತದೆ. ರುಚಿ ಬದಲಾದ ನೀರನ್ನು ಇವು ಕುಡಿಯುವುದೇ ಬಿಟ್ಟರೆ ಇನ್ನೊಂದು ತೊಂದರೆ. ಹನಿ ಕೊಡಲೇಬೇಕು ಅಂದರೆ ಡಾಕ್ಟರನ್ನು ಕೇಳಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಕೊಡಿ.

ಮೊದಲು ಹುಲ್ಲು, ಆಮೇಲೆ ತರಕಾರಿ

ತರಕಾರಿ ಬಗ್ಗೆ ಬರೆಯಲು ಕೂತವಳು ಹುಲ್ಲಿನ ಮಾತು ಯಾಕೆ ಎತ್ತಿದಳು ಅನ್ನಬೇಡಿ. ಗಿನಿ ಪಿಗ್ ತಿನ್ನುವುದರಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಹುಲ್ಲೇ ಇರಬೇಕು. ಅದರ 20 ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅರೆದು ಅರೆದೇ ಅವು ಸವೆಯಬೇಕು. ಕರುಳು ನಡೆಯುವುದೂ ನಾರಿನಿಂದಲೇ. ಹುಲ್ಲಿಲ್ಲದೆ ಬರೀ ಸೊಪ್ಪು ತರಕಾರಿ ಹಾಕಿದರೆ ಹೊಟ್ಟೆ ಕೆಡುತ್ತದೆ, ಹಲ್ಲು ಉದ್ದ ಬೆಳೆದು ಬಾಯಿ ಮುಚ್ಚಲಾಗದೆ ಉಪವಾಸ ಬೀಳುತ್ತದೆ.

ಟಿಮೋತಿ ಹುಲ್ಲು ಆನ್‌ಲೈನ್‌ನಲ್ಲಿ ಸಿಗುತ್ತದೆ, ಆಗುವವರು ತರಿಸಿ. ನಮ್ಮಲ್ಲಿ ಅದಕ್ಕೆ ಜೊತೆಯಾಗಿ ನಿಲ್ಲುವುದು ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ. ಹಸಿಯಾಗಿಯೂ ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಕೊಡಬಹುದು. ಕೊಯ್ಯುವ ಜಾಗ ಮಾತ್ರ ನೋಡಿಕೊಳ್ಳಿ. ರಸ್ತೆ ಬದಿ, ಚರಂಡಿ ಪಕ್ಕ, ಬೀದಿ ನಾಯಿ ಓಡಾಡುವ ಕಡೆ ಬೇಡ. ಕಳೆನಾಶಕ ಹೊಡೆಯುವ ತೋಟದ ಬದುವಿನದೂ ಬೇಡ. ತಂದಮೇಲೆ ನೆಲದ ಮೇಲೆ ಹರಡಿ ಒಂದು ಸಲ ಕೈಯಾಡಿಸಿ. ನಮ್ಮ ಕಡೆ ಖಾಲಿ ಸೈಟಿನಲ್ಲೆಲ್ಲಾ ಕಾಂಗ್ರೆಸ್ ಗಿಡ ಇರುತ್ತದೆ, ಅದರ ಎಳೆ ಎಲೆ ನೋಡಲು ಕೊತ್ತಂಬರಿ, ಕ್ಯಾರೆಟ್ ಸೊಪ್ಪಿನ ಹಾಗೇ ಕಾಣುತ್ತದೆ, ಹುಲ್ಲಿನ ಹಿಡಿಯಲ್ಲಿ ಸೇರಿಬಂದರೆ ಗೊತ್ತೇ ಆಗುವುದಿಲ್ಲ. ಅದು ವಿಷ. ಎಕ್ಕ, ಕಣಗಲು, ಹರಳು ಎಲೆಗಳೂ ಅಷ್ಟೇ.

ಭದ್ರಾ ಕಾಲುವೆ ಕಡೆಯವರ ಮನೆಯಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಅದನ್ನು ಗೂಡಿನಲ್ಲಿ ಹಾಸಲು ಬಳಸಿ, ಕಚ್ಚಿದರೆ ಕಚ್ಚಲಿ, ಊಟದ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಸತ್ವ ತೀರಾ ಕಡಿಮೆ. ಕುದುರೆ ಮೆಂತೆ, ಅಂದರೆ ಲೂಸರ್ನ್, ಆರು ತಿಂಗಳ ಒಳಗಿನ ಮರಿಗೆ ಮತ್ತು ಬಸಿರು ಇರುವುದಕ್ಕೆ ಒಳ್ಳೆಯದು. ಬೆಳೆದದ್ದಕ್ಕೆ ದಿನಾ ಹಾಕಿದರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಜಾಸ್ತಿಯಾಗಿ ಮೂತ್ರಕೋಶದಲ್ಲಿ ಕಲ್ಲಾಗಬಹುದು.

ಇನ್ನು ಮೆಕ್ಕೆಜೋಳ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳವೇ ಅಲ್ವಾ? ಎಳೆ ತೆನೆ ಸುಲಿದಾಗ ಬರುವ ಹಸಿರು ಸಿಪ್ಪೆ, ಅದರೊಳಗಿನ ರೇಷ್ಮೆಯಂಥ ಕೂದಲು, ಎರಡೂ ಗಿನಿ ಪಿಗ್‌ಗೆ ಪ್ರಾಣ. ಮಳೆಗಾಲದಲ್ಲಿ ತೆನೆ ಸುಡುವ ಗಾಡಿಯವರ ಪಕ್ಕ ಸಿಪ್ಪೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಹೊರಗಿನ ಎರಡು ಮೂರು ಪದರ ಬಿಸಾಡಿ ಒಳಗಿನದನ್ನು ತೊಳೆದು ಕೊಡಿ. ಆದರೆ ಹೊಲದಿಂದ ನೇರವಾಗಿ ಎಲೆ, ಸುಳಿ ಕಿತ್ತು ತರಬೇಡಿ. 2018ರಲ್ಲಿ ಸೈನಿಕ ಹುಳು ನಮ್ಮ ರಾಜ್ಯಕ್ಕೆ ಬಂದ ಮೇಲೆ ರೈತರು ಸುಳಿಗೇ ಔಷಧಿ ಹೊಡೆಯುತ್ತಾರೆ, ಹೊಡೆದು ಎಷ್ಟು ದಿನ ಆಯ್ತು ಅಂತ ಹೊಲದವರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಎಳೆ ಬಿಳಿಜೋಳದ ಪೈರು ಇನ್ನೂ ಅಪಾಯ. ದನ ನುಗ್ಗಿ ಮೇದರೆ ಸಾಯುತ್ತವೆ ಅಂತ ಹಳ್ಳಿಯವರಿಗೆಲ್ಲಾ ಗೊತ್ತು, ಒಂದು ಕಿಲೋ ಆಸುಪಾಸು ತೂಗುವ ಪ್ರಾಣಿಯ ಮಾತು ಕೇಳಬೇಕೇ?

ಸೊಪ್ಪಿನ ಸಾಲು

ಬೆಳಗ್ಗೆ ಏಳರ ಹೊತ್ತಿಗೆ ಮಾರ್ಕೆಟ್‌ಗೆ ಹೋದರೆ ಸೊಪ್ಪು ಇನ್ನೂ ಇಬ್ಬನಿಯಲ್ಲಿ ಇರುತ್ತದೆ. ನಾನು ತೆಗೆದುಕೊಳ್ಳುವ ಅಕ್ಕನಿಗೆ ಈಗ ನನ್ನ ಗಿನಿ ಪಿಗ್‌ಗಳ ಪರಿಚಯ ಫೋಟೊದಲ್ಲಿ ಆಗಿದೆ. "ಯಕ್ಕಾ, ಇವತ್ತು ಸಬ್ಬಸಿಗೆ ಐತಾ?" ಅಂದರೆ, "ಐತಿ ಬಾರವ್ವಾ, ನಿನ್ನ ಇಲಿಮರಿಗೆ ಅಂತಾನೇ ಎತ್ತಿಟ್ಟೀನಿ" ಅಂತ ಗೋಣಿಚೀಲದ ಅಡಿಯಿಂದ ಒಂದು ಕಟ್ಟು ತೆಗೆಯುತ್ತಾರೆ. ಮುರಿದ, ಸೊಟ್ಟಗಿರುವ ದೊಣ್ಣೆ ಮೆಣಸಿನಕಾಯಿಯನ್ನೂ ಪಕ್ಕದ ಗಾಡಿಯವರಿಂದ ಕೊಡಿಸುತ್ತಾರೆ, ಆಕಾರ ಹೇಗಿದ್ದರೇನು.

ಕೊತ್ತಂಬರಿ ದಿನಾ ಕೊಡಿ. ಬೇರು ಕತ್ತರಿಸಿ, ಕಡ್ಡಿ ಸಮೇತ. ನಾನು ಕಂಡ ಮಟ್ಟಿಗೆ ಕೊತ್ತಂಬರಿ ಒಲ್ಲೆ ಅನ್ನುವ ಗಿನಿ ಪಿಗ್ ಇಲ್ಲ. ಮೆಂತ್ಯ ಸೊಪ್ಪು, ಸಬ್ಬಸಿಗೆ, ಮೂಲಂಗಿ ಸೊಪ್ಪು, ನವಿಲುಕೋಸಿನ ಎಲೆ, ಇವುಗಳನ್ನು ವಾರದಲ್ಲಿ ಒಂದೊಂದು ದಿನ, ಎರಡೆರಡು ದಿನ ಅಂತ ತಿರುಗಿಸುತ್ತಾ ಹೋಗಿ. ಪುದೀನ ನಾಲ್ಕೈದು ಎಲೆ ಸಾಕು. ನುಗ್ಗೆ ಸೊಪ್ಪಿನಲ್ಲಿ ವಿಟಮಿನ್ ಸಿಯೂ ಚೆನ್ನಾಗಿದೆ, ಸುಣ್ಣದ ಅಂಶವೂ ಜಾಸ್ತಿ ಇದೆ, ಹಾಗಾಗಿ ವಾರಕ್ಕೊಂದು ಸಣ್ಣ ಕಡ್ಡಿ.

ತಿರುಗಿಸುವುದು ಯಾಕೆ ಮುಖ್ಯ ಅಂದರೆ, ಒಂದೊಂದು ಸೊಪ್ಪಿಗೂ ಒಂದೊಂದು ಒಳ್ಳೆಯದಿದೆ, ಒಂದೊಂದು ಕೆಟ್ಟದ್ದೂ ಇದೆ. ಪಾಲಕ್, ದಂಟು, ಚಕ್ಕೋತ, ರಾಜಗಿರಿ ಇವುಗಳಲ್ಲಿ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ. ಅದು ಸುಣ್ಣದ ಜೊತೆ ಸೇರಿ ಕಲ್ಲಾಗುತ್ತದೆ. ಮನೆಯಲ್ಲಿ ಪಾಲಕ್ ಪಪ್ಪು ಮಾಡಿದ ದಿನ ಎರಡು ಎಲೆ ಕೊಟ್ಟರೆ ಏನೂ ಆಗುವುದಿಲ್ಲ, ಅಗ್ಗ ಅಂತ ವಾರವಿಡೀ ಅದನ್ನೇ ಹಾಕಿದರೆ ಆಗುತ್ತದೆ. ಹುಳಿಚುಕ್ಕಿ ಸೊಪ್ಪನ್ನು ನಾನು ಕೊಡುವುದೇ ಇಲ್ಲ. ಮೂತ್ರ ಒಣಗಿದ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ದಪ್ಪಗೆ ಕಂಡರೆ ಸುಣ್ಣದ ಅಂಶ ಜಾಸ್ತಿ ಆಗಿದೆ ಅಂತ ತಿಳಿಯಿರಿ. ಮೂತ್ರ ಮಾಡುವಾಗ ಬೆನ್ನು ಬಗ್ಗಿಸಿ ಕಿರುಚಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಸೊಪ್ಪು ತೊಳೆಯುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಕಟ್ಟು ಬಿಚ್ಚಿ, ಒಳಗಿನ ಕೊಳೆತ ಎಲೆ, ದಾರ, ರಬ್ಬರ್ ತೆಗೆಯಿರಿ. ಮಳೆಗಾಲದಲ್ಲಿ ಕಟ್ಟಿನ ಹೊರಗೆ ಹಸಿರು, ಒಳಗೆ ಲೋಳೆ. ಬೋಗುಣಿ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹತ್ತು ನಿಮಿಷ ನೆನೆಸಿ, ಆಮೇಲೆ ಒಳ್ಳೆಯ ನೀರಲ್ಲಿ ಎರಡು ಸಲ ಜಾಲಾಡಿಸಿ, ತೂತಿನ ಬುಟ್ಟಿಯಲ್ಲಿ ಸೋರಲು ಬಿಡಿ. ನೀರು ತೊಟ್ಟಿಕ್ಕುವ ಹಾಗೆ ಗೂಡಿಗೆ ಹಾಕಿದರೆ ಹಾಸು ಒದ್ದೆಯಾಗಿ ನಾತ ಬರುತ್ತದೆ.

ತರಕಾರಿ, ಹಣ್ಣು

ದೊಣ್ಣೆ ಮೆಣಸಿನಕಾಯಿ ಮಾತು ಆಯ್ತು. ಸೌತೆಕಾಯಿ ಬಹುಪಾಲು ನೀರೇ, ಬೇಸಿಗೆಗೆ ಒಳ್ಳೆಯದು, ಕಹಿ ಇದೆಯಾ ಅಂತ ನೀವು ಮೊದಲು ತುದಿ ನೆಕ್ಕಿ ನೋಡಿ. ಕ್ಯಾರೆಟ್ ವಾರಕ್ಕೆ ಎರಡು ಸಲ, ಬೆರಳಿನ ಗೆಣ್ಣಿನಷ್ಟು. ಅದರಲ್ಲಿ ಸಕ್ಕರೆ ಇದೆ. ಬೀಟ್‌ರೂಟ್‌ನಲ್ಲೂ ಸಕ್ಕರೆ, ಒಂದು ತೆಳು ಬಿಲ್ಲೆ ಸಾಕು. ಅದನ್ನು ತಿಂದ ದಿನ ಮೂತ್ರ ಕೆಂಪಗೆ ಬರಬಹುದು, ರಕ್ತ ಅಂತ ಗಾಬರಿ ಆಗಬೇಡಿ. ಬೀಟ್‌ರೂಟ್ ಕೊಡದೆ ಕೆಂಪಗೆ ಬಂದರೆ ಆಗ ಗಾಬರಿ ಆಗಿ. ಬೀನ್ಸ್ ಎಳೆಯದು ಒಂದೆರಡು. ಸಿಹಿ ಕುಂಬಳ ಒಂದು ತುಂಡು. ಟೊಮೆಟೊ ಹಣ್ಣಿನ ಸಣ್ಣ ಹೋಳು ಪರವಾಗಿಲ್ಲ, ಅದರ ತೊಟ್ಟು, ಎಲೆ, ಕಾಯಿ ಯಾವುದೂ ಬೇಡ. ಎಲೆಕೋಸು, ಹೂಕೋಸು ಗ್ಯಾಸ್ ಮಾಡುತ್ತವೆ. ನಾನು ಅಪರೂಪಕ್ಕೆ ಹೂಕೋಸಿನ ಸುತ್ತಲಿನ ಒಂದು ಎಲೆ ಕೊಡುತ್ತೇನೆ ಅಷ್ಟೇ.

ಹಣ್ಣು ವಾರಕ್ಕೆ ಒಂದೋ ಎರಡೋ ಸಲ. ಪೇರಲೆ ಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ಇದೆ. ಬೀಜದ ತಿರುಳು ತೆಗೆದು, ಸಿಪ್ಪೆ ಸಮೇತ ಹೆಬ್ಬೆರಳಿನಷ್ಟು ಒಂದು ಹೋಳು. ಮಾರ್ಕೆಟ್‌ಗೆ ಹೋಗಲಾಗದೆ ದೊಣ್ಣೆ ಮೆಣಸಿನಕಾಯಿ ಮುಗಿದ ದಿನ ನನ್ನ ಕೈ ಹಿಡಿಯುವುದು ಇದೇ. ಹಿರಿಯೂರು ಕಡೆಯಿಂದ ಬರುವ ದಾಳಿಂಬೆ, ಪಪ್ಪಾಯಿ ಇವೂ ಚೂರು ಚೂರು ಆಗಬಹುದು.

ಪೆಲೆಟ್ ಹಾಕುವುದಾದರೆ ಗಿನಿ ಪಿಗ್‌ದೇ ಅಂತ ಬರೆದಿರುವುದನ್ನು ನೋಡಿ ತನ್ನಿ, ದಿನಕ್ಕೆ ಒಂದೆರಡು ದೊಡ್ಡ ಚಮಚ. ಮೊಲದ ಪೆಲೆಟ್‌ನಲ್ಲಿ ವಿಟಮಿನ್ ಸಿ ಸೇರಿಸಿರುವುದಿಲ್ಲ. ತಯಾರಾದ ತಾರೀಖು ನೋಡಿ, ಮೂರು ತಿಂಗಳು ದಾಟಿದರೆ ಸೇರಿಸಿದ ವಿಟಮಿನ್ನೂ ಬಹಳಷ್ಟು ಹೋಗಿರುತ್ತದೆ. ಕಾಳು, ಬಣ್ಣಬಣ್ಣದ ಬಿಲ್ಲೆ ಬೆರೆಸಿದ ಪ್ಯಾಕೆಟ್ ಮುಟ್ಟಬೇಡಿ.

ಇವು ಬೇಡವೇ ಬೇಡ

ಈರುಳ್ಳಿ ಮೊದಲನೆಯದು. ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗ ಈರುಳ್ಳಿಯ ಸೀಮೆ, ನಮ್ಮ ಮನೆಗಳಲ್ಲಿ ಅದಿಲ್ಲದ ದಿನವಿಲ್ಲ. ಗಡ್ಡೆ, ಸೊಪ್ಪು, ಸಿಪ್ಪೆ ಯಾವುದೂ ಗೂಡಿನ ಹತ್ತಿರ ಬರಬಾರದು, ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಬೆಳ್ಳುಳ್ಳಿಯೂ ಅದೇ ಜಾತಿ. ಒಂದು ಸಲ ಸೊಪ್ಪಿನ ಅಕ್ಕ ಕೊಸರು ಅಂತ ಒಂದು ಹಿಡಿ ಈರುಳ್ಳಿ ಸೊಪ್ಪನ್ನು ಕೊತ್ತಂಬರಿ ಜೊತೆ ಚೀಲಕ್ಕೆ ಹಾಕಿದ್ದರು. ತೊಳೆಯುವಾಗ ವಾಸನೆ ಬಂದು ಗೊತ್ತಾಯ್ತು. ಒಂದು ಎಸಳೂ ಉಳಿಯದ ಹಾಗೆ ಆರಿಸಿ ತೆಗೆದೆ. ಆವತ್ತಿನಿಂದ ಚೀಲದಲ್ಲೇ ಬೇರೆ ಬೇರೆ ಇಡುತ್ತೇನೆ.

ಆಲೂಗಡ್ಡೆ, ಅದರ ಮೊಳಕೆ, ಬದನೆ ಎಲೆ, ಹಸಿಮೆಣಸಿನಕಾಯಿ, ಅಣಬೆ, ಬೆಣ್ಣೆಹಣ್ಣು ಬೇಡ. ಕಾಳು, ಬೇಳೆ, ಶೇಂಗಾ ಬೇಡ. ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು, ಮೊಸರು ಯಾವುದೂ ಬೇಡ. ಮತ್ತೆ ಒಂದು ಮಾತು, ನಮ್ಮೂರಲ್ಲಿ ಸಂಜೆ ಆದರೆ ಮಂಡಕ್ಕಿ ಇಲ್ಲದ ಮನೆ ಇಲ್ಲ. ಮಕ್ಕಳು ಕೈಯಲ್ಲಿ ಹಿಡಿದಿದ್ದನ್ನೇ ಗೂಡಿಗೂ ಹಾಕುತ್ತಾರೆ. ಅದರಲ್ಲಿ ಎಣ್ಣೆ, ಉಪ್ಪು, ಖಾರ, ಈರುಳ್ಳಿ ಎಲ್ಲಾ ಇದೆ. ಗಿನಿ ಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊರಗೆ ಬರುವ ದಾರಿ ಇಲ್ಲ. ಇದನ್ನು ಹಾಗೇ ಮಕ್ಕಳಿಗೆ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಈಗ ಬರುವಾಗಲೇ ಕೈ ತೊಳೆದು, "ಆಂಟಿ, ಕೊತ್ತಂಬರಿ ಕೊಡ್ಲಾ?" ಅಂತ ಕೇಳುತ್ತಾನೆ.

ಹೊಸದನ್ನು ಅಭ್ಯಾಸ ಮಾಡಿಸುವುದು

ಒಂದು ದಿನಕ್ಕೆ ಒಂದೇ ಹೊಸ ಸೊಪ್ಪು, ಬೆರಳಿನಷ್ಟು. ಮಾರನೇ ದಿನ ಹಿಕ್ಕೆ ನೋಡಿ. ಕಡ್ಲೆಬೀಜದ ಆಕಾರದಲ್ಲಿ ಗಟ್ಟಿಯಾಗಿದ್ದರೆ ಸ್ವಲ್ಪ ಜಾಸ್ತಿ ಮಾಡಿ. ಮೆತ್ತಗಾಗಿದ್ದರೆ ಆ ಸೊಪ್ಪು ನಿಲ್ಲಿಸಿ, ಎರಡು ದಿನ ಹುಲ್ಲು ಜಾಸ್ತಿ ಹಾಕಿ. ನೀರಿನ ಹಾಗೆ ಭೇದಿ ಆದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡರೂ ಅಷ್ಟೇ.

ಈ ಪ್ರಾಣಿಗಳು ಮರಿ ಇದ್ದಾಗ ಏನು ತಿನ್ನುತ್ತವೋ ಅದನ್ನೇ ಊಟ ಅಂತ ತಿಳಿಯುತ್ತವೆ. ದೊಡ್ಡದಾದ ಮೇಲೆ ಹೊಸದನ್ನು ಕಂಡರೆ ಮುಖ ತಿರುಗಿಸುತ್ತವೆ. ಗುಂಡನಿಗೆ ಜೊತೆಯಾಗಿ ಆಮೇಲೆ ತಂದ ಬೆಣ್ಣಿ, ಹಾಗೇ ಮೆಂತ್ಯ ಸೊಪ್ಪನ್ನು ಮೂರು ವಾರ ಮೂಸಿ ಮೂಸಿ ಬಿಟ್ಟಳು. ನಾನು ದಿನಾ ಒಂದೇ ಒಂದು ಕಡ್ಡಿ ಕೊತ್ತಂಬರಿ ನಡುವೆ ಸಿಕ್ಕಿಸಿ ಇಡುತ್ತಿದ್ದೆ. ಗುಂಡ ಕಚ್ಚಿ ಎಳೆಯುವಾಗ ಅವನ ಬಾಯಿಂದಲೇ ಕಿತ್ತುಕೊಂಡು ತಿಂದಳು, ಅಲ್ಲಿಗೆ ಮುಗೀತು, ಈಗ ಮೆಂತ್ಯ ಅಂದರೆ ಅವಳೇ ಮೊದಲು. ಆದ್ದರಿಂದ ಒಂದು ಸಲ ತಿನ್ನಲಿಲ್ಲ ಅಂತ ಬಿಡಬೇಡಿ. ಮರಿ ತಂದವರು ಮೊದಲ ತಿಂಗಳಲ್ಲೇ ಆದಷ್ಟು ಬಗೆಯ ಸೊಪ್ಪಿನ ರುಚಿ ತೋರಿಸಿ, ಪ್ರತಿಯೊಂದೂ ಚೂರು ಚೂರೇ.

ಇನ್ನೊಂದು ವಿಷಯ. ತಮ್ಮದೇ ಮೆತ್ತನೆಯ ಹಿಕ್ಕೆಯನ್ನು ಇವು ಬಾಯಿಟ್ಟು ತಿನ್ನುವುದು ಕಂಡರೆ ಹೊಸಬರಿಗೆ ಅಸಹ್ಯ ಆಗುತ್ತದೆ. ತಡೆಯಬೇಡಿ, ಅದರಲ್ಲಿ ಬಿ ವಿಟಮಿನ್ ಇರುತ್ತದೆ, ಅದು ಅವುಗಳಿಗೆ ಬೇಕೇ ಬೇಕು.

ಬೇಸಿಗೆಯಲ್ಲಿ

ಗಿನಿ ಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು, ತಂಪು ಸೀಮೆ. ನಮ್ಮ ಏಪ್ರಿಲ್ ಬಿಸಿಲು ಅವುಗಳಿಗೆ ಆಗುವುದಿಲ್ಲ. 30 ಡಿಗ್ರಿ ದಾಟಿದರೆ ಕಷ್ಟ ಶುರು. ಚಿತ್ರದುರ್ಗದ ಕಲ್ಲಿನ ಕಾವಿನಲ್ಲಿ, ಶೀಟಿನ ಮನೆಗಳಲ್ಲಿ ಇನ್ನೂ ಜಾಸ್ತಿ. ಮನೆಯ ತಂಪಾದ ಕೋಣೆಯ ನೆಲದ ಮೇಲೆ ಗೂಡು ಇಡಿ, ಸೊಪ್ಪನ್ನು ಬೆಳಗ್ಗೆ ಬೇಗ ಮತ್ತು ಸಂಜೆ ಕೊಡಿ. ಮಧ್ಯಾಹ್ನ ಸೌತೆಕಾಯಿ ಬಿಲ್ಲೆ. ತಿನ್ನದೆ ಉಳಿದದ್ದನ್ನು ಎರಡು ಗಂಟೆಯೊಳಗೆ ತೆಗೆದುಬಿಡಿ, ಸೆಕೆಗೆ ಬೇಗ ಕೆಡುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಸೊಪ್ಪನ್ನು ಹತ್ತು ನಿಮಿಷ ಹೊರಗಿಟ್ಟು ಕೊಡಿ. ನೀರು ದಿನಾ ಬದಲಿಸಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ನೀವು ಕುಡಿಯುವ ನೀರನ್ನೇ ಅವಕ್ಕೂ ಇಡಿ.

ಬೇಸಿಗೆಯಲ್ಲಿ ಸೊಪ್ಪು ತುಟ್ಟಿ, ಸಿಕ್ಕರೂ ಬಾಡಿರುತ್ತದೆ. ಆಗ ನಾನು ಗೋಧಿ ಬಿತ್ತುತ್ತೇನೆ. ನವರಾತ್ರಿಯಲ್ಲಿ ಘಟ್ಟ ಹಾಕುವಾಗ ಮಣ್ಣಿಗೆ ಧಾನ್ಯ ಹಾಕುತ್ತೇವಲ್ಲ, ಅದೇ ಕ್ರಮ. ಗೋಧಿಯನ್ನು ರಾತ್ರಿ ನೆನೆಸಿ, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ನೀರು ಚಿಮುಕಿಸುತ್ತಾ ಇರಿ. ಎಂಟು ಹತ್ತು ದಿನಕ್ಕೆ ಗೇಣುದ್ದ ಹುಲ್ಲು ಬರುತ್ತದೆ. ನಾಲ್ಕು ದಿನದ ಅಂತರದಲ್ಲಿ ಮೂರು ತಟ್ಟೆ ಬಿತ್ತಿದರೆ ಎಡೆಬಿಡದೆ ಸಿಗುತ್ತದೆ. ಬೂಸ್ಟು ಹಿಡಿದ ತಟ್ಟೆಯನ್ನು ಮಾತ್ರ ಪೂರ್ತಿ ಎಸೆಯಿರಿ.

ವಾರಕ್ಕೊಮ್ಮೆ ತೂಕ

ಭಾನುವಾರ ಬೆಳಗ್ಗೆ ಅಡುಗೆಮನೆ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ತೂಗಿ, ಕ್ಯಾಲೆಂಡರ್ ಮೇಲೆ ಬರೆಯಿರಿ. ಬೆಳೆದದ್ದು ಸಾಮಾನ್ಯವಾಗಿ 700ರಿಂದ 1,200 ಗ್ರಾಂ ಇರುತ್ತದೆ. ವಾರದಲ್ಲಿ 50 ಗ್ರಾಂಗಿಂತ ಜಾಸ್ತಿ ಇಳಿದರೆ ಏನೋ ಸರಿಯಿಲ್ಲ. ಇವು ನೋವು ಬಚ್ಚಿಡುವ ಪ್ರಾಣಿಗಳು, ಕಣ್ಣಿಗೆ ಕಾಣುವ ಹೊತ್ತಿಗೆ ತಡ ಆಗಿರುತ್ತದೆ, ತೂಕ ಮೊದಲೇ ಹೇಳುತ್ತದೆ. ಅರ್ಧ ದಿನ ಏನೂ ತಿನ್ನದೆ ಕೂತರೆ ನಾಳೆ ನೋಡೋಣ ಅನ್ನಬೇಡಿ, ಕರುಳು ನಿಂತುಹೋಗುತ್ತದೆ.

ಡಾಕ್ಟರ ಹತ್ತಿರ ಹೋದಾಗ ಇದು ಗಿನಿ ಪಿಗ್ ಅಂತ ಬಾಯಿಬಿಟ್ಟು ಹೇಳಿ, ಯಾವ ಆಂಟಿಬಯಾಟಿಕ್ ಅಂತ ಕೇಳಿ. ಪೆನಿಸಿಲಿನ್ ಗುಂಪಿನ ಔಷಧಿ, ಅಮಾಕ್ಸಿಸಿಲಿನ್ ಥರದ್ದು, ಬಾಯಿಯ ಮೂಲಕ ಕೊಟ್ಟರೆ ಇವುಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣವೇ ಹೋಗಬಹುದು. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಕೆಲಸ ಯಾವತ್ತೂ ಬೇಡ.

ಊರಿಗೆ ಹೋಗುವಾಗ

ಎರಡು ದಿನ ಊರಿಗೆ ಹೋಗಬೇಕಾದರೆ ಸೊಪ್ಪನ್ನು ತೊಳೆದು, ಪೂರ್ತಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಡಬ್ಬಿಯಲ್ಲಿಡಿ. ಮೂರು ನಾಲ್ಕು ದಿನ ನಿಲ್ಲುತ್ತದೆ. ಒದ್ದೆ ಇದ್ದರೆ ಒಂದೇ ದಿನಕ್ಕೆ ಲೋಳೆ. ದೊಣ್ಣೆ ಮೆಣಸಿನಕಾಯಿ ಇಡಿಯಾಗಿಯೇ ಇರಲಿ. ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತದೆ, ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ನಾನು ನಮ್ಮಮ್ಮನಿಗೆ ಬರೆದಿಟ್ಟಿದ್ದು ಹೀಗಿದೆ, ಬೇಕಾದರೆ ಹಾಗೇ ಇಳಿಸಿಕೊಳ್ಳಿ:

"ಅಮ್ಮಾ, ಬೆಳಗ್ಗೆ ಎದ್ದ ತಕ್ಷಣ ನೀರು ಬದಲಿಸು, ಹುಲ್ಲು ತುಂಬಿಸು. ಎಂಟು ಗಂಟೆಗೆ ಇಬ್ಬರಿಗೂ ಒಂದೊಂದು ಹಿಡಿ ಕೊತ್ತಂಬರಿ, ಕಾಲು ಕಾಲು ದೊಣ್ಣೆ ಮೆಣಸಿನಕಾಯಿ, ಬೀಜ ತೆಗಿ. ಸಂಜೆ ಆರಕ್ಕೆ ಇವತ್ತು ಮೆಂತ್ಯ, ನಾಳೆ ಸಬ್ಬಸಿಗೆ, ಎರಡು ಬಿಲ್ಲೆ ಸೌತೆಕಾಯಿ. ಬೆಣ್ಣಿ ಕೂಗಿದಳು ಅಂತ ಮತ್ತೆ ಮತ್ತೆ ಹಾಕಬೇಡ, ಅವಳು ಹೊಟ್ಟೆ ತುಂಬಿದರೂ ಕೂಗುತ್ತಾಳೆ. ಗುಂಡ ಕೂಗದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ."